ಹಬ್ಬದ ತರಕಾರಿ ನಮ್ಮ ಹಿತ್ತಲಿನದಾಗಲಿ

ಆಗಸ್ಟ್ 30ರಿಂದ ಒಂಬತ್ತು ದಿನಗಳ ಕಾಲ ನಮ್ಮ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲೆ ಮರಿಯಳ ಪಾದಕ್ಕೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಹೊಸ ತೆನೆಯ ಆಶೀರ್ವಾದವಾಗುತ್ತದೆ. ಮನೆಗೆ ತಂದ ತೆನೆಯ ಭತ್ತವನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅನಂತರ ಬಾಳೆ ಎಲೆಯ ಮೇಲೆ ಮೂರೋ, ಐದೋ, ಏಳೋ, ಒಂಬತ್ತೋ ಬಗೆಯ ತರಕಾರಿಗಳ ಊಟ. ಮೀನು, ಮಾಂಸಗಳಿಗೆ ಅಂದು ಎಡೆಯಿಲ್ಲ. ಇಷ್ಟೆಲ್ಲವೂ ಸಂಪ್ರದಾಯದಂತೆ ನಡೆಯುತ್ತದೆ, ಸಂತೋಷ. ಆದರೆ ಆ ಎಲೆಯ ಮೇಲಿನ ತರಕಾರಿ ಬಂದುದೆಲ್ಲಿಂದ ಎಂಬ ಪ್ರಶ್ನೆಯನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ. ಹೂವು ನಮ್ಮ ಅಂಗಳದ್ದು. ತರಕಾರಿಯೋ, ಬಹುಮಟ್ಟಿಗೆ ಬಯಲುಸೀಮೆಯಿಂದ ಲಾರಿಯೇರಿ ಬಂದದ್ದು.

ಮೊಂತಿ ಹಬ್ಬವು ಕೃಷಿಕರ ಹಬ್ಬ. ಮಂಗಳೂರಿನ ಬಳಿಯ ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ 1763ರಲ್ಲಿ ಗೋವೆಯ ಧರ್ಮಗುರು ಜೋಕಿಂ ಮಿರಾಂದರು ಇದನ್ನು ಆರಂಭಿಸಿದರೆಂಬುದು ಪ್ರತೀತಿ. ಮರಿಯಮ್ಮನವರ ಜನ್ಮದಿನವನ್ನೂ ಹೊಸ ಬೆಳೆಯ ಕೃತಜ್ಞತೆಯನ್ನೂ ಒಂದುಗೂಡಿಸಿದ ಈ ಆಚರಣೆಯ ಅರ್ಥ ಸರಳವಾದುದು. ದುಡಿದ ಕುಟುಂಬ ತನ್ನ ದುಡಿಮೆಯ ಮೊದಲ ಫಲವನ್ನು ದೇವರ ಮುಂದಿಟ್ಟು, ಅನಂತರ ತಾನು ಉಣ್ಣುವುದು. ಬೆಳೆಯುವುದನ್ನೇ ಕೈಬಿಟ್ಟವರು ಪ್ರಥಮ ಫಲವೆಂದು ಅರ್ಪಿಸುವುದಾದರೂ ಏನನ್ನು? ಗದ್ದೆಗಳನ್ನು ಮರಳಿ ತರುವುದು ಎಲ್ಲರಿಗೂ ಸಾಧ್ಯವಾಗಲಾರದು. ಆದರೆ ಹಿತ್ತಲನ್ನು ಮರಳಿ ತರುವುದು ಬಹುತೇಕ ಎಲ್ಲರಿಗೂ ಸಾಧ್ಯ. ಮುಂದಿನ ಮೊಂತಿ ಹಬ್ಬದ ಎಲೆಯ ಮೇಲೆ ಕನಿಷ್ಠ ಮೂರು ಪದಾರ್ಥಗಳಾದರೂ ವಿಷ ಸೋಂಕದ, ನಮ್ಮ ಹಿತ್ತಲಿನದೇ ತರಕಾರಿಯದ್ದಾಗಿರಲಿ ಎಂಬುದೇ ಈ ಲೇಖನದ ವಿನಂತಿ.

ನಾವು ಬದುಕುತ್ತಿರುವ ಸೀಮೆಯನ್ನು ಒಮ್ಮೆ ನೋಡೋಣ. ಮಳೆಯ ದೈವವೆಂದು ನಾಡೇ ನಂಬಿರುವ ಋಷ್ಯಶೃಂಗೇಶ್ವರನ ದೇಗುಲವಿರುವ ಕಿಗ್ಗ, ಪಕ್ಕದಲ್ಲೇ ಧುಮ್ಮಿಕ್ಕುವ ಸಿರಿಮನೆ ಜಲಪಾತ, ಬೆಟ್ಟದಾಚೆ ಆಗುಂಬೆ. ನೀರಿಗೆ ಬರವಿಲ್ಲ. ಸೊಪ್ಪಿನ ಬೆಟ್ಟವಿದೆ, ದರಗಿದೆ, ಹಲವರಿಗೆ ಕೊಟ್ಟಿಗೆಯೂ ಇದೆ. ಇಷ್ಟಿದ್ದೂ ನಮ್ಮ ಬದುಕು ಒಂದೇ ಬೆಳೆಯ ಕೊರಳಿಗೆ ಜೋತುಬಿದ್ದಿದೆ. ಅಡಿಕೆಗೆ ಧಾರಣೆ ಏರಿದ ವರ್ಷ ಮನೆಯಲ್ಲಿ ಹಬ್ಬ, ಇಳಿದ ವರ್ಷ ಸಾಲ. ಅದರ ಮೇಲೆ ಹಳದಿ ಎಲೆ ರೋಗ ದಶಕಗಳಿಂದ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಎಷ್ಟೋ ತೋಟಗಳನ್ನು ಬರಿದಾಗಿಸಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಜೊತೆಗೂಡಿದೆ. ತೋಟ ಕೈಕೊಟ್ಟಾಗ ಅಡುಗೆಮನೆಯೂ ಕೈಕೊಡಬೇಕೆ? ಅಡಿಕೆ ಹಣವನ್ನು ತರುತ್ತದೆ, ಆದರೆ ಅಡಿಕೆಯನ್ನು ಬೇಯಿಸಿ ಉಣ್ಣಲಾಗದು. 2020ರ ಮಾರ್ಚ್ ಕೊನೆಯಲ್ಲಿ ದೇಶವೇ ಬಾಗಿಲು ಮುಚ್ಚಿಕೊಂಡಾಗ, ಕೈಯಲ್ಲಿ ಹಣವಿದ್ದವರೂ ತರಕಾರಿ ಗಾಡಿಯ ದಾರಿ ಕಾಯಬೇಕಾಯಿತು. ಹಿತ್ತಲಲ್ಲಿ ಬಸಳೆಯ ಚಪ್ಪರವಿದ್ದ ಮನೆಗೆ ಆ ಚಿಂತೆ ಅಷ್ಟರಮಟ್ಟಿಗೆ ಕಡಿಮೆಯಾಗಿತ್ತು.

ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ದಕ್ಷಿಣ ಕನ್ನಡದಿಂದ ಘಟ್ಟವೇರಿ ಬಂದ ಕೊಂಕಣಿ ಕುಟುಂಬಗಳಾಗಲಿ, ಕೇರಳದಿಂದ ನರಸಿಂಹರಾಜಪುರದ ಕಡೆಗೆ ಬಂದು ನೆಲೆಸಿದ ಕುಟುಂಬಗಳಾಗಲಿ, ಗುಡಿಸಲು ಎದ್ದೊಡನೆ ಅದರ ಹಿಂದೆ ನಾಲ್ಕು ಕೆಸುವಿನ ಗೆಡ್ಡೆ, ಒಂದು ತೊಂಡೆಯ ಬಳ್ಳಿ, ಒಂದು ಬಾಳೆ ನೆಟ್ಟವರು. ಪೋರ್ಚುಗೀಸರ ಹಡಗುಗಳೊಂದಿಗೆ ಪಶ್ಚಿಮ ಕರಾವಳಿಗೆ ಬಂದ ಮೆಣಸಿನಕಾಯಿ, ಪಪ್ಪಾಯಿ, ಪೇರಳೆ, ಅನಾನಸು, ಗೇರು ಇವೆಲ್ಲ ಇಂದು ನಮ್ಮ ಹಿತ್ತಲಿನ ಸ್ವಂತ ಮಕ್ಕಳಂತಾಗಿವೆ. ದೂರದ ಗಿಡವನ್ನು ತನ್ನದಾಗಿಸಿಕೊಂಡ ಹಿತ್ತಲು ಇಂದು ಎಷ್ಟೋ ಮನೆಗಳಲ್ಲಿ ಕಾಂಕ್ರೀಟಿನ ಅಂಗಳವಾಗಿದೆ, ಇಲ್ಲವೇ ಪ್ಲಾಸ್ಟಿಕ್ ಚೀಲ ಎಸೆಯುವ ಜಾಗವಾಗಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ತೀರ ಮನಸ್ಸಿಗೆ ಹಚ್ಚಿಕೊಂಡಂತಿದೆ.

ಇನ್ನು ವಿಷದ ವಿಷಯ. ನಮ್ಮ ನೆರೆಯ ಕಾಸರಗೋಡಿನಲ್ಲಿ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಸಾರ್ವಜನಿಕ ವಲಯದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯ ಪಡ್ರೆಯಂಥ ಹಳ್ಳಿಗಳಲ್ಲಿ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಕಡೆಗಳಲ್ಲಿ, ನಡೆಯಲಾಗದ, ನುಡಿಯಲಾಗದ ಮಕ್ಕಳನ್ನು ಎದೆಗವಚಿಕೊಂಡ ತಾಯಂದಿರನ್ನು ನಾಡು ಕಂಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಆ ಔಷಧದ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. ಸಂತೆಯ ಪ್ರತಿಯೊಂದು ಬದನೆಕಾಯಿಯೂ ವಿಷವೆಂದು ಹೆದರಿಸುವುದು ನನ್ನ ಉದ್ದೇಶವಲ್ಲ, ಅದು ನ್ಯಾಯವೂ ಅಲ್ಲ. ಬೆಳೆಗಾರನೂ ನಮ್ಮಂತೆಯೇ ಸಂಸಾರಸ್ಥ, ಹುಳುವಿಗೂ ಸಾಲಕ್ಕೂ ಅಂಜಿ ಸಿಂಪಡಿಸುವವನು. ಆದರೆ ಕೊಂಡ ತರಕಾರಿಗೆ ಏನನ್ನು, ಎಂದು, ಎಷ್ಟು ಸಿಂಪಡಿಸಿದ್ದಾರೆಂದು ತಿಳಿಯುವ ಉಪಾಯ ನಮಗಿಲ್ಲ. ಹಿತ್ತಲಿನ ತರಕಾರಿಯ ಚರಿತ್ರೆಯೆಲ್ಲ ನಮಗೆ ಗೊತ್ತು. ಸಾವಯವವೆಂಬ ಚೀಟಿ ಅಂಟಿಸಿ ದುಬಾರಿ ಬೆಲೆಗೆ ಮಾರುವ ಅಂಗಡಿಗೆ ನಗರದ ಸಿರಿವಂತರು ಹೋಗಲಿ. ಹಳ್ಳಿಯವರಿಗೆ ಆ ಚೀಟಿಯ ಅಗತ್ಯವೇ ಇಲ್ಲ.

ಸಾವಯವವೆಂದರೆ ವಿಜ್ಞಾನಕ್ಕೆ ಬೆನ್ನು ತೋರಿಸುವುದೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ನೂರು ವರ್ಷ ಮೀರಿದರೂ ಮಲೆನಾಡಿನ ತೋಟಗಳು ಅದನ್ನು ಬಿಟ್ಟಿಲ್ಲ. ಸಾವಯವ ಪದ್ಧತಿಯೂ ಅದನ್ನು ಮಿತಿಯಲ್ಲಿ ಒಪ್ಪುತ್ತದೆ. ರೋಗದ ಗುಣವನ್ನರಿತು ಅಗತ್ಯವಿದ್ದಷ್ಟನ್ನೇ ಬಳಸುವುದು ವಿವೇಕ, ಕಂಡ ಹುಳುವಿಗೆಲ್ಲ ಡಬ್ಬಿ ಒಡೆಯುವುದು ಅವಿವೇಕ. ನಮ್ಮ ಪಕ್ಕದ ತೀರ್ಥಹಳ್ಳಿಯಲ್ಲಿ ಕುರುವಳ್ಳಿಯ ದಿವಂಗತ ಪುರುಷೋತ್ತಮ ರಾಯರು ಕೃಷಿ ಪ್ರಯೋಗ ಪರಿವಾರವನ್ನು ಕಟ್ಟಿ, ರೈತನ ಹೊಲವೇ ಪ್ರಯೋಗಶಾಲೆಯೆಂದು ತೋರಿಸಿದರು. 2001ರಿಂದ ಶಿರಸಿಯ ವನಸ್ತ್ರೀ ಸಂಘಟನೆಯಲ್ಲಿ ಮಲೆನಾಡಿನ ಮಹಿಳೆಯರು ತಮ್ಮ ಹಿತ್ತಲಿನ ಬೀಜಗಳನ್ನು ಕಾಪಾಡಿ, ಪರಸ್ಪರ ಹಂಚಿಕೊಳ್ಳುತ್ತ ಬಂದಿದ್ದಾರೆ. ಕರ್ನಾಟಕ ಸರಕಾರವೂ 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದೆ. ದಾರಿ ತೋರಿಸುವವರು ದೂರದಲ್ಲಿಲ್ಲ.

ಹಾಗಾದರೆ ಆರಂಭ ಹೇಗೆ? ಮೊದಲನೆಯ ಮಾತು: ಚಿಕ್ಕದಾಗಿ ಆರಂಭಿಸಿರಿ. ಉತ್ಸಾಹದಲ್ಲಿ ಹತ್ತು ಗುಂಟೆ ಅಗೆದು, ಆಷಾಢದ ಕಳೆಗೆ ಸೋತು, ಮರುವರ್ಷ ಗುದ್ದಲಿಯನ್ನು ಮುಟ್ಟದವರು ಬಹಳ ಮಂದಿ. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಮೂರು ಮಡಿಗಳು, ನಡುವೆ ಒಂದೂವರೆ ಅಡಿಯ ಎರಡು ಕಾಲುದಾರಿ. ಇಷ್ಟಕ್ಕೆ ಬೇಕಾಗುವುದು 120 ಚದರ ಅಡಿ, ಎಂದರೆ ಒಂದು ಗುಂಟೆಯ ಒಂಬತ್ತನೆಯ ಒಂದು ಪಾಲು. ಮೂರು ಅಡಿಗಿಂತ ಅಗಲ ಬೇಡ. ಎರಡೂ ಬದಿಯಿಂದ ಕೈ ನಿಲುಕಬೇಕು, ಮಡಿಯ ಮೇಲೆ ಕಾಲಿಡುವ ಪ್ರಸಂಗ ಬರಬಾರದು. ಜಾಗವು ಅಡುಗೆಮನೆಯ ಬಾಗಿಲಿಗೆ ಹತ್ತಿರವಿರಲಿ. ಕಣ್ಣಿಗೆ ಬಿದ್ದದ್ದು ಮಾತ್ರ ಆರೈಕೆ ಕಾಣುತ್ತದೆ. ದಿನಕ್ಕೆ ಐದಾರು ತಾಸಾದರೂ ಬಿಸಿಲು ಬೀಳುವ ಕಡೆಯನ್ನು ಆರಿಸಿಕೊಳ್ಳಿರಿ. ಅಡಿಕೆ ಮರಗಳ ಬುಡ ಬೇಡ. ನೆರಳು ಒಂದು ಕಾರಣ. ಬೋರ್ಡೋ ಸಿಂಪಡಿಸುವಾಗ ಮೈಲುತುತ್ತಿನ ಹನಿ ಸೊಪ್ಪಿನ ಮೇಲೆ ಬೀಳುವುದು ಇನ್ನೊಂದು ಕಾರಣ.

ಎರಡನೆಯ ಮಾತು: ಮಳೆಯನ್ನು ಮರೆಯಬೇಡಿರಿ. ಬಯಲುಸೀಮೆಗಾಗಿ ಬರೆದ ಪುಸ್ತಕಗಳು ನೀರು ನಿಲ್ಲಿಸುವ ಪಾತಿಯನ್ನು ಹೇಳುತ್ತವೆ. ನಮ್ಮಲ್ಲಿ ಬೇಕಾದುದು ನೀರು ಹರಿದುಹೋಗುವ ಏರುಮಡಿ. ಮಡಿ ನೆಲದಿಂದ ಒಂದು ಅಡಿ ಎತ್ತರವಿರಲಿ, ಅಂಚಿಗೆ ಕಲ್ಲನ್ನೋ ಅಡಿಕೆ ದಬ್ಬೆಯನ್ನೋ ಕೊಡಿರಿ, ಸುತ್ತ ಒಂದು ಚಿಕ್ಕ ಕಾಲುವೆ ಇರಲಿ. ಗೊಬ್ಬರದ ಗುಂಡಿಯೂ ಅಷ್ಟೆ. ಜೂನ್ ತಿಂಗಳಲ್ಲಿ ಗುಂಡಿ ಕೆರೆಯಾಗುತ್ತದೆ, ಸಾರವೆಲ್ಲ ಹಳ್ಳ ಸೇರುತ್ತದೆ. ಮಳೆಯಲ್ಲಿ ತೊಳೆದುಹೋದ ಗೊಬ್ಬರ ಗೊಬ್ಬರವಲ್ಲ. ಆದುದರಿಂದ ನೆಲದ ಮೇಲೆಯೇ ರಾಶಿ ಹಾಕಿ, ತಗಡಿನದೋ ಸೋಗೆಯದೋ ಮಾಡು ಹೊದಿಸಿರಿ. ಅಡುಗೆಮನೆಯ ಹಸಿ ಕಸ ಒಂದು ಬುಟ್ಟಿಯಾದರೆ ಒಣ ಎಲೆ ಎರಡು ಬುಟ್ಟಿ, ಮೇಲೆ ಒಂದಿಷ್ಟು ಸಗಣಿನೀರು. ಹೀಗೆ ಪದರ ಪದರವಾಗಿ ಹಾಕಿ, ಹದಿನೈದು ದಿನಕ್ಕೊಮ್ಮೆ ಮಗುಚುತ್ತ ಬಂದರೆ ಮೂರು ನಾಲ್ಕು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ. ಅಡಿಕೆ ಸಿಪ್ಪೆ ಬೇಗ ಕೊಳೆಯುವುದಿಲ್ಲ. ಅದನ್ನು ಒಂದು ಮಳೆಗಾಲ ಹೊರಗೆ ಬಿಟ್ಟು, ಬಳಿಕ ಗಿಡದ ಬುಡಕ್ಕೆ ಹೊದಿಕೆಯಾಗಿ ಬಳಸಿರಿ.

ಸತತ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ಯುವುದರಿಂದ ಮಲೆನಾಡಿನ ಮಣ್ಣಿಗೆ ಹುಳಿ ಹೆಚ್ಚು. ಬಿತ್ತನೆಗೆ ಎರಡು ಮೂರು ವಾರ ಮೊದಲು ಒಂದು ಚದರ ಮೀಟರಿಗೆ ಎರಡು ಹಿಡಿಯಂತೆ ಕೃಷಿ ಸುಣ್ಣ ಬೆರೆಸಿದರೆ ಆ ದೋಷ ಕಡಿಮೆಯಾಗುತ್ತದೆ. ಸುಣ್ಣ ಮತ್ತು ಸಗಣಿ ಗೊಬ್ಬರವನ್ನು ಒಂದೇ ದಿನ ಹಾಕಬಾರದು, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಒಲೆಯ ಬೂದಿಯೂ ಒಳ್ಳೆಯದು, ಮಿತಿಯಲ್ಲಿರಲಿ. ಸುಭಾಷ್ ಪಾಳೇಕರರು ಜನಪ್ರಿಯಗೊಳಿಸಿದ ಜೀವಾಮೃತವನ್ನು ಚಿಕ್ಕ ಹಿತ್ತಲಿಗೂ ಹೊಂದಿಸಬಹುದು. ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಹಸುವಿನ ಸಗಣಿ, ಅರ್ಧ ಲೀಟರ್ ಗಂಜಲ, ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಯಾವುದಾದರೂ ದ್ವಿದಳ ಧಾನ್ಯದ ಹಿಟ್ಟು, ಒಂದು ಚಿಟಿಕೆ ಕಾಡುಮಣ್ಣು. ನೆರಳಿನಲ್ಲಿಟ್ಟು ದಿನಕ್ಕೆರಡು ಬಾರಿ ಕಲಕಿ, ಎರಡು ದಿನದ ಮೇಲೆ ಬುಡಕ್ಕೆ ಹಾಕಬೇಕು. ಇದು ಮಂತ್ರಜಲವಲ್ಲ. ಕೊಟ್ಟಿಗೆ ಗೊಬ್ಬರವೇ ಮುಖ್ಯ ಊಟ, ಇದು ಉಪ್ಪಿನಕಾಯಿಯಂತೆ.

ಮೂರನೆಯ ಮಾತು: ಕಾಲವನ್ನು ನೋಡಿ ಬಿತ್ತಿರಿ. ಪವಿತ್ರಸಭೆಯ ಪಂಚಾಂಗವೇ ಇಲ್ಲಿ ನಮಗೆ ನೆರವಾಗುತ್ತದೆ. ರೈತರ ಪಾಲಕ ಸಂತ ಇಸಿದೋರರ ಹಬ್ಬ ಮೇ 15. ಮುಂಗಾರಿಗೆ ಮೊದಲಿನ ಆ ಎರಡು ವಾರಗಳೇ ನಮ್ಮ ಬಿತ್ತನೆಯ ಸುಮುಹೂರ್ತ. ಬಿರುಮಳೆ ಬರುವ ಮುನ್ನ ಬೇರು ಹಿಡಿದ ಬಳ್ಳಿ ಮಾತ್ರ ಜುಲೈಯನ್ನು ಗೆಲ್ಲುತ್ತದೆ. ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ, ಅಲಸಂದೆಗಳನ್ನು ಆಗಲೇ ಹಾಕಿ ಚಪ್ಪರ ಕಟ್ಟಿರಿ. ಕೆಸು, ಸುವರ್ಣಗೆಡ್ಡೆ, ಅರಿಶಿನ, ಶುಂಠಿಗಳಿಗೂ ಅದೇ ಸಮಯ. ಬೆಂಡೆ ಬಿತ್ತಿದ ನಲವತ್ತೈದು, ಐವತ್ತು ದಿನಕ್ಕೆ ಕಾಯಿಗೆ ಬರುತ್ತದೆ. ಹಬ್ಬಕ್ಕೆ ಬೆಂಡೆ ಬೇಕೆಂದರೆ ಜುಲೈ ನಡುವಿನಲ್ಲಿ, ಅಡಿಕೆ ಹಾಳೆಯ ದೊನ್ನೆಗಳಲ್ಲಿ ಮಣ್ಣು ತುಂಬಿ, ಸೂರಿನಡಿಯಲ್ಲಿ ಸಸಿ ಮಾಡಿಕೊಳ್ಳಬೇಕು. ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲಿ ಬದನೆ, ಟೊಮೆಟೊ, ಮೂಲಂಗಿ, ಹರಿವೆ, ಮೆಣಸು. ಬಸಳೆ, ತೊಂಡೆ, ಚಕ್ರಮುನಿ, ಒಂದೆಲಗಗಳು ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಮನೆಯವರಂತೆ ಇರುತ್ತವೆ. ಹೊಸಬರು ಇವುಗಳಿಂದಲೇ ಆರಂಭಿಸುವುದು ಜಾಣತನ. ಮೊದಲ ವರ್ಷ ಹೂಕೋಸು, ಕ್ಯಾರೆಟ್ಟುಗಳ ಆಸೆ ಬೇಡ.

ಬೀಜದ ವಿಷಯದಲ್ಲಿ ಒಂದು ಎಚ್ಚರ. ಅಂಗಡಿಯ ಹೈಬ್ರಿಡ್ ಪೊಟ್ಟಣದ ಬೆಳೆಯಿಂದ ಬೀಜ ತೆಗೆದಿಟ್ಟರೆ ಮರುವರ್ಷ ಅದೇ ಗುಣ ಮರಳುವುದಿಲ್ಲ. ಇದರ ಮರ್ಮವನ್ನು ಜಗತ್ತಿಗೆ ಮೊದಲು ಬಿಡಿಸಿ ಹೇಳಿದವರು ನಮ್ಮವರೇ ಆದ ಅಗಸ್ಟೀನಿಯನ್ ಮಠವಾಸಿ ಗ್ರೆಗೊರ್ ಮೆಂಡೆಲರು. ಬ್ರನೋ ನಗರದ ಮಠದ ಹಿತ್ತಲಿನಲ್ಲಿ ಬಟಾಣಿ ಬೆಳೆದು, ವರ್ಷಗಟ್ಟಲೆ ಎಣಿಸಿ, 1866ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಒಂದು ಹಿತ್ತಲಿನಿಂದ ಒಂದು ಶಾಸ್ತ್ರವೇ ಹುಟ್ಟಿತು. ನಮಗೆ ಬೇಕಾದುದು ಊರಿನ ನಾಟಿ ಬೀಜ, ಇಲ್ಲವೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆಯಂಥ, ಬೀಜ ಉಳಿಸಿಕೊಳ್ಳಬಹುದಾದ ತಳಿಗಳು. ಬಳ್ಳಿಯ ಒಳ್ಳೆಯ ಎರಡು ಕಾಯಿಗಳನ್ನು ಕೊಯ್ಯದೆ ಬಲಿಯಲು ಬಿಟ್ಟು, ಬೀಜವನ್ನು ಒಣಗಿಸಿ, ಬೂದಿಯಲ್ಲಿ ಬೆರೆಸಿ ಇಡುವ ಅಜ್ಜಿಯರ ಪದ್ಧತಿ ಇಂದಿಗೂ ಸಲ್ಲುತ್ತದೆ.

ಇಷ್ಟರಲ್ಲಿ ಓದುಗರೊಬ್ಬರಾದರೂ ಕೇಳಿರುತ್ತಾರೆ: ಮಂಗಗಳಿಗೇನು ಮಾಡುವುದು? ನ್ಯಾಯವಾದ ಪ್ರಶ್ನೆ. ಮಂಗನ ಕಾಟಕ್ಕೆ ಬೇಸತ್ತೇ ಹಿತ್ತಲು ಬಿಟ್ಟವರು ನಮ್ಮಲ್ಲಿ ಅನೇಕರು. ಪೂರ್ಣ ಪರಿಹಾರ ಯಾರ ಬಳಿಯೂ ಇಲ್ಲ. ಆದರೆ ಕೆಸು, ಸುವರ್ಣಗೆಡ್ಡೆ, ಅರಿಶಿನ, ಶುಂಠಿ, ಹಾಗಲ, ಮೆಣಸು, ಸೊಪ್ಪುಗಳನ್ನು ಮಂಗಗಳು ಕಡಿಮೆ ಮುಟ್ಟುತ್ತವೆ; ಕಾಟ ಹೆಚ್ಚಿರುವ ಮನೆಯವರು ಇವುಗಳಿಂದ ಆರಂಭಿಸಲಿ. ಬಸವನಹುಳುಗಳಿಗೆ ಸಂಜೆ ಒದ್ದೆ ಗೋಣಿಚೀಲವನ್ನು ಮಡಿಯ ಬಳಿ ಹಾಸಿದರೆ ಬೆಳಗ್ಗೆ ಅದರಡಿ ಸೇರಿರುತ್ತವೆ; ಕೈಗವಸು ಹಾಕಿ ಆರಿಸಿ ಉಪ್ಪುನೀರಿಗೆ ಹಾಕಬೇಕು. ಎಲೆ ತಿನ್ನುವ ಹುಳುವನ್ನು ಮೂರು ಮಡಿಗಳಲ್ಲಿ ಕೈಯಿಂದಲೇ ಆರಿಸಬಹುದು. ಹೇನುಹುಳಕ್ಕೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಿದರೆ ಸಾಕು.

ಇನ್ನೊಂದು ಎಚ್ಚರವನ್ನು ಹೇಳದೆ ಮುಂದೆ ಹೋಗಲಾಗದು. ಗೊಬ್ಬರಕ್ಕಾಗಿ ಬೇಸಗೆಯಲ್ಲಿ ಕಾಡಿನ ದರಗು ಗುಡಿಸುವಾಗ ಉಣ್ಣೆಗಳಿಂದ ಮಂಗನ ಕಾಯಿಲೆ ತಗಲುವ ಭಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗ 2024ರಲ್ಲಿ ನಮ್ಮ ಜಿಲ್ಲೆಯಲ್ಲಿಯೂ ಪ್ರಾಣಗಳನ್ನು ಬಲಿ ತೆಗೆದುಕೊಂಡಿತು. ಮಂಗ ಸತ್ತುಬಿದ್ದ ಸುತ್ತಿನಿಂದ ದರಗು ತರಲೇಬೇಡಿರಿ. ಸಾಧ್ಯವಿದ್ದಷ್ಟು ಸ್ವಂತ ತೋಟದ ಸೋಗೆ, ಎಲೆಗಳನ್ನೇ ಬಳಸಿರಿ. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದವರು ಹೇಳುವ ಎಣ್ಣೆ ಹಚ್ಚಿಕೊಂಡು ಹೋಗಿ, ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿರಿ.

ಹಿತ್ತಲು ಒಂದು ವರ್ಷ ನಿಂತ ಮೇಲೆ ಮಾತ್ರ ಮುಂದಿನ ಹೆಜ್ಜೆ. ನಾಲ್ಕು ಕೋಳಿ ಸಾಕಿದರೆ ಮೊಟ್ಟೆಯೂ ಗೊಬ್ಬರವೂ ದೊರೆಯುತ್ತದೆ. ಆದರೆ ಅವು ಎಳೆಯ ಸಸಿಗಳನ್ನು ಕೆದಕುವುದರಿಂದ ಬೇಲಿ ಮೊದಲು, ಕೋಳಿ ಅನಂತರ. ರಾತ್ರಿ ಭದ್ರವಾದ ಗೂಡು ಇಲ್ಲದಿದ್ದರೆ ಕಾಡುಬೆಕ್ಕಿಗೆ ಔತಣವಿಟ್ಟಂತೆ. ತುಡುವೆ ಜೇನಿನ ಒಂದು ಪೆಟ್ಟಿಗೆ ಹೀರೆ, ಸೌತೆಗಳ ಹೂವಿಗೂ ಕಾಫಿಯ ಹೂವಿಗೂ ಉಪಕಾರಿ. ಹಸುವನ್ನು ಮಾತ್ರ ಉತ್ಸಾಹಕ್ಕೆ ತರಬಾರದು. ಅದು ದಿನಕ್ಕೆರಡು ಬಾರಿ, ವರ್ಷದ 365 ದಿನವೂ ಮನುಷ್ಯನನ್ನು ಬೇಡುತ್ತದೆ. ಕೊಟ್ಟಿಗೆಯಿಲ್ಲದವರು ನೆರೆಯವರಿಂದ ಎರಡು ಬುಟ್ಟಿ ಗೊಬ್ಬರ ಕೊಂಡರಾಯಿತು, ನೆರೆಯವರಿಗೂ ಅನುಕೂಲ.

ಇದರಿಂದ ಲಾಭವೇನೆಂದು ಲೆಕ್ಕ ಹಾಕುವವರಿಗೆ ಪ್ರಾಮಾಣಿಕವಾಗಿ ಹೇಳುತ್ತೇನೆ: ಮೂರು ಮಡಿಗಳಿಂದ ಯಾರೂ ಸಿರಿವಂತರಾಗುವುದಿಲ್ಲ. ಮೊದಲ ವರ್ಷ ಬೇಲಿ, ಬೀಜ, ಸುಣ್ಣಗಳ ಖರ್ಚೇ ತರಕಾರಿಯ ಬೆಲೆಯನ್ನು ಮೀರಿದರೆ ಆಶ್ಚರ್ಯವಿಲ್ಲ. ಕೂಲಿಯಾಳು ಇಟ್ಟು ಹಿತ್ತಲು ಮಾಡಿಸುವುದಾದರೆ ಸಂತೆಯೇ ಅಗ್ಗ. ಹಿತ್ತಲಿನ ಲೆಕ್ಕ ಬೇರೆ. ತೋಟಕ್ಕೆ ರೋಗ ಬಂದ ವರ್ಷ, ಧಾರಣೆ ಬಿದ್ದ ವರ್ಷ, ರಸ್ತೆ ಕುಸಿದು ಘಟ್ಟ ಮುಚ್ಚಿದ ವಾರ, ಮನೆಯ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆಂಬುದೇ ಅದರ ಲಾಭ. ದಿನಕ್ಕೆ ಅರ್ಧ ಗಂಟೆ ಮಣ್ಣಿನಲ್ಲಿ ಬಗ್ಗುವ ಮೈಗೆ ದೊರೆಯುವ ಚಟುವಟಿಕೆ, ಕೊಯ್ದ ಹೊತ್ತಿನಲ್ಲೇ ಬೇಯುವ ಸೊಪ್ಪಿನ ರುಚಿ, ಇವಕ್ಕೆ ಬೆಲೆ ಕಟ್ಟಲು ನನಗೆ ಬಾರದು.

ಆದರೆ ಈ ದುಡಿಮೆ ಯಾರದು? ಇಲ್ಲಿಯೇ ನಮ್ಮ ಮನೆಗಳಲ್ಲಿ ಅನ್ಯಾಯ ನಡೆಯುವ ಸಂಭವವಿದೆ. ಬೆಳಗ್ಗೆ ಅಡುಗೆ, ಹಗಲು ತೋಟದ ಕೆಲಸ, ಸಂಜೆ ಪಾತ್ರೆ, ರಾತ್ರಿ ಜಪಸರದ ಮುಂದಾಳತ್ವ, ಇವೆಲ್ಲವನ್ನೂ ಹೊತ್ತ ತಾಯಿಯ ಹೆಗಲಿಗೆ ಹಿತ್ತಲನ್ನೂ ಹೊರಿಸಿ, ಊಟಕ್ಕೆ ಕುಳಿತು ಸಾವಯವದ ಮಹಿಮೆ ಕೊಂಡಾಡುವುದು ಪುರುಷರಿಗೆ ಶೋಭಿಸದು. ಮಡಿ ಏರಿಸುವುದು, ಚಪ್ಪರ ಕಟ್ಟುವುದು, ಗೊಬ್ಬರ ಮಗುಚುವುದು ತಂದೆಯ ಕೆಲಸವಾಗಲಿ. ನೀರು, ಕಳೆ, ಬಸವನಹುಳು ಮಕ್ಕಳ ಪಾಲಿಗಿರಲಿ. ಪ್ರತಿಯೊಂದು ಮಗುವಿಗೂ ಒಂದು ಬಳ್ಳಿ ಸ್ವಂತವಾಗಿರಲಿ. ಧರ್ಮೋಪದೇಶದ ತರಗತಿಯಲ್ಲಿ ಸೃಷ್ಟಿಯ ಪಾಠ ಕೇಳಿದ ಮಗು, ಮಣ್ಣನ್ನು ಮುಟ್ಟಿದರೆ ಕೊಳೆಯೆಂದು ಬೈಸಿಕೊಂಡರೆ ಆ ಪಾಠ ಎಲ್ಲಿ ಉಳಿಯುತ್ತದೆ? ಆದಿಕಾಂಡದಲ್ಲಿ ಮಾನವನಿಗೆ ದೇವರು ವಹಿಸಿದ ಮೊದಲ ಉದ್ಯೋಗ ತೋಟವನ್ನು ವ್ಯವಸಾಯ ಮಾಡಿ ಕಾಯುವುದೇ ಆಗಿತ್ತು. ಪುನರುತ್ಥಾನದ ಮುಂಜಾವಿನಲ್ಲಿ ಮಗ್ದಲದ ಮರಿಯಳು ಪ್ರಭುವನ್ನು ಕಂಡು ತೋಟಗಾರನೆಂದು ಭಾವಿಸಿದಳೆಂಬುದೂ ಶುಭಸಂದೇಶದಲ್ಲಿದೆ. ತೋಟಗಾರನ ಕೈ ನಮಗೆ ಕೀಳಾಗಿ ಕಾಣಬಾರದು.

ಧರ್ಮಕೇಂದ್ರಗಳಿಗೂ ಇಲ್ಲಿ ಕರ್ತವ್ಯವಿದೆ. 2025ರ ಏಪ್ರಿಲ್ 21ರಂದು ದೈವಾಧೀನರಾದ ಪೋಪ್ ಫ್ರಾನ್ಸಿಸರು 2015ರ ಮೇ 24ರ ತಮ್ಮ ವಿಶ್ವಪತ್ರ 'ಲಾವ್ದಾತೊ ಸೀ'ಯಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕಂಡು ಅದರ ಆರೈಕೆಗೆ ಕರೆಯಿತ್ತರು. ಅದೇ ವರ್ಷ ಸೆಪ್ಟೆಂಬರ್ 1ನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥನಾ ದಿನವೆಂದು ಸಾರಿದರು. ಆ ದಿನ ನಮ್ಮ ನೊವೆನದ ನಡುವೆಯೇ ಬರುತ್ತದೆ. ಅವರ ಕನಸಿನಂತೆ ಕಾಸ್ತೆಲ್ ಗಂದೋಲ್ಫೋದ ಪೋಪರ ಎಸ್ಟೇಟಿನಲ್ಲಿ ಸಾವಯವ ಬೇಸಾಯ ಮತ್ತು ತರಬೇತಿಯ ಕೇಂದ್ರ ರೂಪುಗೊಂಡು, 2025ರ ಸೆಪ್ಟೆಂಬರಿನಲ್ಲಿ ಪೋಪ್ ಹದಿನಾಲ್ಕನೆಯ ಲಿಯೋ ಅವರಿಂದ ಉದ್ಘಾಟನೆಯಾಯಿತು. ಪೋಪರ ಅಂಗಳದಲ್ಲಿ ತರಕಾರಿ ಬೆಳೆಯಬಹುದಾದರೆ, ನಮ್ಮ ದೇವಾಲಯದ ಹಿಂದಿನ ಖಾಲಿ ಜಾಗದಲ್ಲಿ ನಾಲ್ಕು ಮಡಿ ಏಳಬಾರದೇಕೆ? ಮೇ ತಿಂಗಳ ಒಂದು ಭಾನುವಾರ ಪೂಜೆಯ ಬಳಿಕ ವಾಳೆವಾಳೆಯವರು ಬೀಜ, ಗೆಡ್ಡೆ, ಬಳ್ಳಿಯ ತುಂಡುಗಳನ್ನು ತಂದು ಹಂಚಿಕೊಳ್ಳಲಿ. ಒಬ್ಬರಲ್ಲಿರುವ ಕೆಸುವಿನ ತಳಿ ಇನ್ನೊಬ್ಬರಲ್ಲಿಲ್ಲ. ಖರ್ಚು ಏನೂ ಇಲ್ಲ. ಹಬ್ಬದ ದಿನ ಪೀಠದ ಮುಂದೆ ತೆನೆಯೊಡನೆ ಮನೆಮನೆಯ ಒಂದೊಂದು ತರಕಾರಿಯೂ ಬರಲಿ.

ಎಸ್ಟೇಟಿನ ಲೈನುಗಳಲ್ಲಿ ಬಾಳುವ, ಸ್ವಂತ ಅಂಗೈಯಗಲ ನೆಲವಿಲ್ಲದ ಕುಟುಂಬಗಳೂ ನಮ್ಮ ನಡುವೆ ಇವೆ. ಹಿತ್ತಲಿನ ಮಾತು ಅವರಿಗೆ ಅಣಕದಂತೆ ಕೇಳಬಾರದು. ಐದು ಹಳೆಯ ಗೋಣಿಚೀಲಗಳಲ್ಲಿ ಮಣ್ಣು, ಗೊಬ್ಬರ ತುಂಬಿ ಬಸಳೆ, ಹರಿವೆ, ಮೆಣಸು ಬೆಳೆಯಬಹುದು ಎಂಬುದು ನಿಜ. ಆದರೆ ತೋಟದ ಒಡೆಯರಾದ ನಮ್ಮವರು ಲೈನಿನ ಪಕ್ಕದಲ್ಲಿ ತಲಾ ಒಂದು ಗುಂಟೆಯನ್ನು ತರಕಾರಿಗೆಂದು ಬಿಟ್ಟುಕೊಟ್ಟರೆ ಅದು ಹೆಚ್ಚು ನಿಜವಾದ ಉಪಕಾರ. ಮಕ್ಕಳು ಬೆಂಗಳೂರು, ಗಲ್ಫ್ ಸೇರಿ ಒಂಟಿಯಾಗಿ ಉಳಿದ ವೃದ್ಧ ದಂಪತಿಗಳ ಮನೆಯ ಹಿಂದೆ ಪಾಳುಬಿದ್ದ ನೆಲವಿದೆ. ಯುವಕ ಸಂಘದವರು ಅಲ್ಲಿ ಬೆಳೆದು ಅರ್ಧವನ್ನು ಅವರ ಅಡುಗೆಮನೆಗೇ ಕೊಡಲಿ. ತರಕಾರಿಯ ಜೊತೆಗೆ ಬಾಗಿಲು ತಟ್ಟುವವರೂ ಅವರಿಗೆ ದೊರೆತಂತಾಗುತ್ತದೆ.

ಕೈ ಕೆಸರಾದರೆ ಬಾಯಿ ಮೊಸರೆಂದರು ಹಿರಿಯರು. ಸಭೆ ಸೇರಿಸಿ, ನಿರ್ಣಯ ಮಾಡಿ, ಭಾಷಣ ಕೇಳಿ ಎದ್ದುಹೋಗುವುದು ನಮಗೆ ಸುಲಭ. ಅದು ಬೇಡ. ಈ ಭಾನುವಾರ ಪೂಜೆಯಿಂದ ಮರಳಿದ ಮೇಲೆ ಮನೆಯ ಸುತ್ತ ಒಂದು ಸುತ್ತು ಹಾಕಿ, ಬಿಸಿಲು ಬೀಳುವ ಜಾಗ ಯಾವುದೆಂದು ಗುರುತು ಮಾಡಿರಿ. ಬರುವ ವಾರ ಒಂದೇ ಒಂದು ಮಡಿ ಏರಿಸಿರಿ. ನೆರೆಯವರಲ್ಲಿ ಒಂದು ಬಸಳೆಯ ತುಂಡು ಕೇಳಿರಿ. ಅದನ್ನು ಕೊಡಲಾರೆನೆನ್ನುವ ನೆರೆಯವರು ಮಲೆನಾಡಿನಲ್ಲಿ ಇನ್ನೂ ಹುಟ್ಟಿಲ್ಲ.